ಮೂರು ಚುಕ್ಕೆ, ಒಂದು ಗೆರೆ

ಕೊಟ್ಟೂರು
19 ಜೂನ್ 2024

ಬೀಗತಿ ಹೊನ್ನೂರಮ್ಮನವರಿಗೆ ಕೊಟ್ಟೂರಿನಿಂದ ದಾಕ್ಷಾಯಣಮ್ಮನ ಶರಣಾರ್ಥಿ.

ನಮ್ಮ ಅಮರೇಶನಿಗೂ ನಿಮ್ಮ ಪುಷ್ಪಲತಾಗೂ ಮದುವೆಯಾಗಿ ಎರಡು ವರ್ಷವಾಯಿತು. ನಾನು ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಫೋನು ಇದೆಯಲ್ಲ ಅನ್ನಬೇಡಿ. ನನ್ನ ಬಲಗಿವಿ ಹೋಗಿ ಬಹಳ ಕಾಲವಾಯಿತು, ಎಡಗಿವಿಯೂ ಅದರ ಹಾದಿ ಹಿಡಿದಿದೆ. ನಿನ್ನೆ ಫೋನಿನಲ್ಲಿ ನೀವು ಅಳುತ್ತಿದ್ದಿರಂತೆ. ನನಗೆ ನಕ್ಕ ಹಾಗೆ ಕೇಳಿಸಿತು. "ಇಂಥಾ ಹೊತ್ತಿನ್ಯಾಗ ನಗು ಹ್ಯಾಂಗ ಬರ್ತೈತ್ರೀ ನಿಮಗ?" ಎಂದು ಬೈದುಬಿಟ್ಟೆ. ಆಮೇಲೆ ಅಮರೇಶ ನನ್ನ ಕೈಯಿಂದ ಫೋನು ಕಿತ್ತುಕೊಂಡು, "ಅವ್ವಾ, ಅವರು ಅಳಾಕ ಹತ್ತಿದ್ರು. ನೀ ಇನ್ನ ಫೋನ್ ಮುಟ್ಟಬ್ಯಾಡ, ಕಾಗದ ಬರಿ" ಎಂದ. ಅದಕ್ಕೇ ಬರೆಯುತ್ತಿದ್ದೇನೆ.

ಹಗರಿಬೊಮ್ಮನಹಳ್ಳಿಯ ಸ್ಕ್ಯಾನಿನಲ್ಲಿ ಕಂಡದ್ದನ್ನು ಮಗಳು ನಿಮಗೂ ಹೇಳಿರುತ್ತಾಳೆ. ಎದೆಗೂ ಹೊಟ್ಟೆಗೂ ನಡುವೆ ಒಂದು ಪರದೆ ಇರುತ್ತದಂತೆ, ವಪೆ ಅಂತ ಅದರ ಹೆಸರು. ಹೊಟ್ಟೆಯಲ್ಲಿರುವ ನಮ್ಮ ಕೂಸಿಗೆ ಆ ಪರದೆಯ ಎಡಭಾಗದಲ್ಲಿ ತೂತು ಉಳಿದುಬಿಟ್ಟಿದೆ. ಕರುಳು ಆ ತೂತಿನಿಂದ ಮೇಲೆ ತೂರಿ ಎದೆಯಲ್ಲಿ ಕೂತಿದೆ, ಶ್ವಾಸಕೋಶ ಬೆಳೆಯಲು ಜಾಗ ಬಿಟ್ಟಿಲ್ಲ. ಹುಟ್ಟಿದ ಮೇಲೆ ಆಪರೇಷನ್ ಮಾಡಿ ಕರುಳನ್ನು ಕೆಳಗಿಳಿಸಿ ಪರದೆ ಹೊಲಿಯಲೇಬೇಕು.

ಅದಕ್ಕೆ ಎರಡು ದಾರಿ ಇವೆಯಂತೆ. ಉದ್ದಕ್ಕೆ ಕೊಯ್ದು ಮಾಡುವುದು ಒಂದು, ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ಮಾಡುವುದು ಇನ್ನೊಂದು. ನಿಮ್ಮ ಬೀಗರಿಗೆ, ನಮ್ಮ ಯಜಮಾನರಿಗೆ, ಹೋದ ವರ್ಷ ದಾವಣಗೆರೆಯಲ್ಲಿ ಪಿತ್ತಕೋಶ ತೆಗೆದದ್ದು ಸಣ್ಣ ತೂತಿನಲ್ಲೇ. ಬೇಗ ಮನೆಗೆ ಬಂದರು, ಬಂದವರೇ ಅಂಗಡಿಗೆ ಹೋಗಿ ಕೂತರು. ಹೊಟ್ಟೆಯ ಮೇಲೆ ನಾಲ್ಕು ಚುಕ್ಕೆ ಬಿಟ್ಟರೆ ಏನೂ ಇಲ್ಲ. ಬೆಲ್ಲ ಕೊಳ್ಳಲು ಬಂದವರಿಗೂ ಅಂಗಿ ಎತ್ತಿ ತೋರಿಸುತ್ತಾರೆ. ನಮ್ಮ ಕೂಸಿಗೂ ಹಾಗೇ ಆಗಲಿ. ಹೆಣ್ಣಾಗಲಿ ಗಂಡಾಗಲಿ, ಮೈಮೇಲೆ ಇಷ್ಟುದ್ದದ ಗಾಯದ ಗುರುತು ಹೊತ್ತು ತಿರುಗುವುದು ಬೇಡ. ನೀವೂ ಮಗಳಿಗೆ ಒಂದು ಮಾತು ಹೇಳಿ.

ತೊಟ್ಟಿಲು ತರಿಸಿದ್ದೇನೆ. ತೇಗದ್ದು.

ದಾಕ್ಷಾಯಣಮ್ಮ


ಗುಡೇಕೋಟೆ
27 ಜೂನ್ 2024

ಬೀಗತಿ ದಾಕ್ಷಾಯಣಮ್ಮನವರಿಗೆ ನಮಸ್ಕಾರ.

ಕಾಗದ ಮುಟ್ಟಿತು. ನಾನು ಅತ್ತದ್ದು ನಿಜ. ನೀವು ಬೈದದ್ದೂ ಕೇಳಿಸಿತು, ನನ್ನ ಕಿವಿ ಎರಡೂ ಚೆನ್ನಾಗಿವೆ.

ನೀವು ಹೇಳಿದ ಮಾತನ್ನು ಮಗಳಿಗೆ ಹೇಳುವುದಿಲ್ಲ, ಯಾಕೆಂದರೆ ನನಗೆ ಅದು ಒಪ್ಪಿಗೆ ಇಲ್ಲ. ನಾನು ಅಂಗನವಾಡಿ ಟೀಚರ್, ಡಾಕ್ಟರಲ್ಲ. ಆದರೆ ಹಳೆ ಸೀರೆ ಪದರಿಸಿ ಕೌದಿ ಹೊಲಿಯುವುದು ನನ್ನ ಅವ್ವನಿಂದ ಬಂದದ್ದು. ಕೌದಿಯ ಒಳಪದರ ಹರಿದರೆ ಏನು ಮಾಡುತ್ತೇವೆ? ಮೇಲಿನ ಹೊಲಿಗೆ ಬಿಚ್ಚಿ, ಅಗಲಕ್ಕೆ ಹರಡಿ, ಬೆಳಕಿಗೆ ಹಿಡಿದು ಹೊಲಿಯುತ್ತೇವೆ. ತೂತಿನಲ್ಲಿ ಸೂಜಿ ತೂರಿಸಿ ಒಳಗಿನದನ್ನು ಯಾರಾದರೂ ಹೊಲಿದದ್ದು ನೋಡಿದ್ದೀರಾ? ಬೀಗರದು ಕಿತ್ತು ಹಾಕುವ ಕೆಲಸ, ಕೂಸಿನದು ಹೊಲಿಯುವ ಕೆಲಸ. ಗಾಯ ಉದ್ದವಾದರೆ ಆಗಲಿ, ಹೊಲಿಗೆ ಗಟ್ಟಿ ಇರಲಿ.

ಇನ್ನು ತೊಟ್ಟಿಲು. ಕೂಸು ಹುಟ್ಟುವ ಮೊದಲು ಅದಕ್ಕೆಂದು ಏನನ್ನೂ ತರಬಾರದು, ಏನನ್ನೂ ಹೊಲಿಯಬಾರದು. ನಮ್ಮ ಕಡೆ ಇದು ಕಟ್ಟುನಿಟ್ಟು. ಈಗಲಂತೂ ಇನ್ನೂ ಹೆಚ್ಚು. ದಯವಿಟ್ಟು ಅದನ್ನು ವಾಪಸ್ ಕೊಟ್ಟುಬಿಡಿ.

ಇನ್ನೊಂದು ಮಾತು ಬರೆಯಬಾರದು ಅಂದುಕೊಂಡಿದ್ದೆ, ಕೈ ಕೇಳುತ್ತಿಲ್ಲ. ನಿಶ್ಚಿತಾರ್ಥಕ್ಕೆ ನೀವು ಗುಡೇಕೋಟೆಗೆ ಬಂದಾಗ ಕುರ್ಚಿಯ ತುದಿಯಲ್ಲಿ ಕೂತು, ಒಂದು ಲೋಟ ನೀರನ್ನೂ ಮುಟ್ಟದೆ ಎದ್ದು ಹೋದಿರಿ. ನಾವು ಮಾಂಸ ತಿನ್ನುವ ಮನೆಯವರು, ನಿಮ್ಮ ಆಚಾರ ಬೇರೆ, ಗೊತ್ತು. ಅಂದಿನಿಂದ ನಿಮ್ಮಿಂದ ನನಗೆ ಬಂದದ್ದು ಫೋನಿನ ಆ ಬೈಗುಳ, ಈಗ ಈ ಬುದ್ಧಿಮಾತು. ಇರಲಿ. ಕೂಸು ಇಬ್ಬರದೂ ಹೌದು.

ಹೊನ್ನೂರಮ್ಮ


ಕೊಟ್ಟೂರು
14 ಜುಲೈ 2024

ಬೀಗತಿ ಹೊನ್ನೂರಮ್ಮನವರಿಗೆ ಶರಣಾರ್ಥಿ.

ತೊಟ್ಟಿಲು ವಾಪಸ್ ಕೊಟ್ಟಿಲ್ಲ. ಅಂಗಡಿಯ ಗೋಡೌನಿನಲ್ಲಿ ಮಗುಚಿ ಹಾಕಿ ಅದರ ಮೇಲೆ ಒಣಮೆಣಸಿನಕಾಯಿ ಚೀಲ ಹೊರಿಸಿದ್ದೇನೆ. ಈಗ ಅದು ತೊಟ್ಟಿಲಲ್ಲ, ಮಣೆ. ನಿಮಗೆ ಸಮಾಧಾನವಾಯಿತು ತಾನೆ?

ಬೆಂಗಳೂರಿನ ಮಕ್ಕಳ ಆಸ್ಪತ್ರೆಗೆ ನಾವು ನಾಲ್ವರೂ ಹೋಗಿ ಬಂದೆವು. ಆಪರೇಷನ್ ಮಾಡುವ ಡಾಕ್ಟರ ಹೆಸರು ಕ್ರಾಂತಿ, ಹೆಣ್ಣುಮಗಳು, ನಮ್ಮ ಹಡಗಲಿ ಕಡೆಯವರು. ಹಡಗಲಿ ಅಂದದ್ದೇ ತಡ, ನಿಮ್ಮ ಬೀಗರಿಗೆ ಸಂಬಂಧಿಕರ ಮನೆಗೆ ಬಂದಷ್ಟು ಸಲಿಗೆ ಬಂದುಬಿಟ್ಟಿತು. ಎದ್ದು ನಿಂತು ಅಂಗಿ ಎತ್ತಿ, "ಡಾಕ್ಟ್ರೇ, ನೋಡ್ರಿ ಇದನ್ನ. ನಮ್ಮ ಕೂಸಿಗೂ ಇದ ಮಾಡ್ರಿ" ಅಂದರು. ನಿಮ್ಮ ಮಗಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ನಾನು ಗೋಡೆಯ ಮೇಲಿನ ಗಡಿಯಾರ ನೋಡುತ್ತಾ ಕೂತೆ.

ಡಾಕ್ಟರು ನಗಲಿಲ್ಲ. ಬಗ್ಗಿ ಒಂದೊಂದೇ ಚುಕ್ಕೆ ನೋಡಿ, "ಚೊಲೊ ಮಾಡ್ಯಾರ. ಆದ್ರ ಯಜಮಾನ್ರೇ, ನಿಮ್ಮ ಹೊಟ್ಟ್ಯಾಗ ಕೊಡ ತುಂಬ ಗಾಳಿ ಹಾಕಿ ಜಾಗ ಮಾಡಿಕೊಂಡಿರ್ತಾರ. ಈ ಕೂಸಿನ ಎದಿ ನನ್ನ ಅಂಗೈಯಾಗ ಕೂಡ್ತೈತಿ" ಎಂದರು. ಆಮೇಲೆ ನನ್ನ ಎಡಗಿವಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತು ನಿಧಾನವಾಗಿ ಹೇಳಿದರು. ಸಣ್ಣ ತೂತಿನದರಲ್ಲಿ ಗಾಯ ಸಣ್ಣದು, ನೋವು ಕಡಿಮೆ, ಚೇತರಿಕೆಯೂ ಬೇಗ ಆಗಬಹುದು. ಆದರೆ ಕೆಲಸ ಹೆಚ್ಚು ಹೊತ್ತು ಹಿಡಿಯುತ್ತದೆ. ಎದೆಯೊಳಗೆ ತುಂಬುವ ಗಾಳಿ ಕೂಸಿನ ರಕ್ತಕ್ಕೂ ಸೇರುತ್ತದೆ, ಅದು ಏರಿದರೆ ಅಪಾಯ. ಹೊಲಿದ ಜಾಗ ಮುಂದೆ ಮತ್ತೆ ಬಿಚ್ಚಿಕೊಳ್ಳುವುದೂ ಕೊಂಚ ಹೆಚ್ಚು ಅಂತ ಕಂಡಿದೆ. ಕೊಯ್ದು ಮಾಡಿದರೆ ಬೇಗ ಮುಗಿಯುತ್ತದೆ, ಎಲ್ಲ ಕಣ್ಣೆದುರಿಗೆ ಇರುತ್ತದೆ. ಆದರೆ ಗಾಯ ದೊಡ್ಡದು, ಗುರುತು ಕೂಸಿನ ಜೊತೆಗೇ ಬೆಳೆಯುತ್ತದೆ, ಮುಂದೆ ಕರುಳು ಅಂಟಿಕೊಂಡು ತೊಂದರೆ ಕೊಟ್ಟರೂ ಕೊಡಬಹುದು.

"ಹಂಗಾದ್ರ ಯಾವುದು ಚೊಲೊ?" ಎಂದು ಕೇಳಿದೆ. "ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಅದಾರ್ರೀ ಅಮ್ಮ. ಆದ್ರ ನೋಡಿದ ಕೂಸುಗಳು ಕಮ್ಮಿ. ಇದ ಮೇಲು ಅಂತ ಎದಿ ತಟ್ಟಿ ಹೇಳಾಕ ಬರಂಗಿಲ್ಲ" ಎಂದರು.

ಅಂದರೆ ನನ್ನ ಪಕ್ಷ ಸೋತಿಲ್ಲ ಅಂತಾಯಿತು.

ನೀರಿನ ಮಾತಿಗೆ ಉತ್ತರ ಬರೆಯಲು ಕೂತಿದ್ದೆ. ಶಾಯಿ ಮುಗಿಯಿತು.

ದಾಕ್ಷಾಯಣಮ್ಮ


ಗುಡೇಕೋಟೆ
22 ಆಗಸ್ಟ್ 2024

ಬೀಗತಿ ದಾಕ್ಷಾಯಣಮ್ಮನವರಿಗೆ ನಮಸ್ಕಾರ.

ಶಾಯಿ ಮುಗಿದ ಪೆನ್ನಿನಲ್ಲಿ "ಶಾಯಿ ಮುಗಿಯಿತು" ಅಂತ ಹೇಗೆ ಬರೆದಿರಿ?

ಈ ಸಲದ ಭೇಟಿಗೆ ಮಗಳ ಜೊತೆ ನಾನೇ ಹೋಗಿದ್ದೆ. ಅಂಗನವಾಡಿಯ ಮಕ್ಕಳನ್ನು ಸಹಾಯಕಿ ಎರ್ರೆಮ್ಮನ ಕೈಗೆ ಒಪ್ಪಿಸಿ, ಚೀಲದಲ್ಲಿ ಒಂದು ಹಳೆಯ ಕೌದಿಯ ತುಂಡು ಇಟ್ಟುಕೊಂಡು ಹೊರಟೆ. ಡಾಕ್ಟರ ಮೇಜಿನ ಮೇಲೆ ಅದನ್ನು ಹರಡಿ, ಒಳಪದರದ ಹರಕು ತೋರಿಸಿ, ತೂತಿನಿಂದ ಹೊಲಿದರೆ ಹೊಲಿಗೆ ಹೇಗೆ ಸೊಟ್ಟಗಾಗುತ್ತದೆ ಅಂತ ಸೂಜಿ ಹಿಡಿದೇ ವಿವರಿಸಿದೆ. ನಿಮ್ಮ ಯಜಮಾನರು ಅಂಗಿ ಎತ್ತಿದ್ದಕ್ಕೆ ನಾನು ಮನಸಾರೆ ನಕ್ಕಿದ್ದೆ. ನನ್ನ ಸರದಿ ಬಂದಾಗ ಮಗಳು ಮತ್ತೆ ಮುಖ ಮುಚ್ಚಿಕೊಂಡಳು.

ಡಾಕ್ಟರು ಸೂಜಿ ಇಸಿದುಕೊಂಡು ತಾವೂ ಒಂದು ಹೊಲಿಗೆ ಹಾಕಿದರು. ಚೆನ್ನಾಗಿಯೇ ಹಾಕಿದರು. ಆಮೇಲೆ, "ಅಮ್ಮ, ನೀವು ಹೇಳಿದ್ದು ಬಟ್ಟಿ ಮಟ್ಟಿಗೆ ಖರೇ. ಆದ್ರ ಬಟ್ಟಿ ಉಸಿರಾಡಂಗಿಲ್ಲ. ಬಟ್ಟಿಗೆ ನೋವಾಗಂಗಿಲ್ಲ. ಬಿಚ್ಚಿದ್ದಕ್ಕ ಕೂಸು ಬೆಲಿ ಕೊಡಬೇಕಾಗ್ತೈತಿ" ಎಂದರು. ನಾನು ಬೀಗಿಕೊಂಡು ಹೋದವಳು ಕೌದಿ ಮಡಚಿಕೊಂಡು ಹೊರಗೆ ಬಂದೆ. ಆದರೂ ಉದ್ದದ ಗಾಯವೇ ಸರಿ ಅಂತ ನನ್ನ ಮನಸ್ಸು. ಮೊಂಡುತನ ಅನ್ನಿ, ಪರವಾಗಿಲ್ಲ.

ಬಾಣಂತನ ಗುಡೇಕೋಟೆಯಲ್ಲಿ ಆಗುವ ಹಾಗಿಲ್ಲ. ಹೆರಿಗೆಯೂ ಆ ಆಸ್ಪತ್ರೆಯ ಹತ್ತಿರವೇ ಆಗಬೇಕು, ಕೂಸು ಹೊರಬಂದ ಕೂಡಲೇ ಉಸಿರಿನ ಯಂತ್ರ ಬೇಕು ಎಂದರು. ಚೊಚ್ಚಲ ಹೆರಿಗೆ ತವರಲ್ಲಿ ಇಲ್ಲ ಅಂದರೆ ನನಗೆ ಹೇಗಾಗಿರಬೇಡ, ನೀವೇ ಹೇಳಿ. ಹೆರಿಗೆಗೆ ಮುಂಚಿನ ಕುಬಸಕ್ಕಾದರೂ ನಾನು ಕೊಟ್ಟೂರಿಗೆ ಬಂದೇ ಬರುತ್ತೇನೆ. ನಿಮ್ಮ ಮನೆಯ ಹೋಳಿಗೆಯನ್ನೂ ಉಣ್ಣುತ್ತೇನೆ, ನೀರನ್ನೂ ಕುಡಿಯುತ್ತೇನೆ.

ಹೊನ್ನೂರಮ್ಮ


ಕೊಟ್ಟೂರು
3 ಸೆಪ್ಟೆಂಬರ್ 2024

ಅವ್ವನಿಗೆ ಮತ್ತು ಅತ್ತೆಗೆ,

ಇಬ್ಬರಿಗೂ ಒಂದೇ ಕಾಗದ. ಅತ್ತೆ ಇದೇ ಮನೆಯಲ್ಲಿದ್ದಾರೆ, ಮೊದಲು ಓದಿ ಗುಡೇಕೋಟೆಗೆ ಅಂಚೆಗೆ ಹಾಕಲಿ. ಬಾಯಲ್ಲಿ ಹೇಳಿದರೆ ಅತ್ತೆಗೆ ಕೇಳುವುದಿಲ್ಲ, ಅವ್ವ ಕೇಳಿದರೂ ಕೇಳದವಳ ಹಾಗೆ ಇರುತ್ತಾಳೆ.

ಮೊನ್ನೆ ನನ್ನ ಕುಬಸ. ಹಸಿರು ಸೀರೆ ಉಟ್ಟು, ಕೈತುಂಬ ಬಳೆ ಇಟ್ಟುಕೊಂಡು ನಾನು ಕೂತಿದ್ದೆ. ಹಾಡು ಹೇಳಬೇಕಾದ ಹೆಂಗಸರು ಎರಡು ಪಂಗಡವಾಗಿ, ಒಂದು ಪಂಗಡ ಸಣ್ಣ ತೂತು, ಇನ್ನೊಂದು ಪಂಗಡ ಉದ್ದ ಗಾಯ ಎಂದು ಕಾದಾಡಿತು. ಎರಡು ಪಂಗಡದ ಮುಂದಾಳುಗಳು ನೀವು. ಎದುರುಮನೆಯ ಕನಕಮ್ಮಜ್ಜಿ ಏನೂ ತಿಳಿಯದೆ ಎರಡೂ ಕಡೆ ಕೈ ಎತ್ತಿತು. ನನಗೆ ನಗು ಬಂತು, ಸಿಟ್ಟೂ ಬಂತು. ಆರತಿ ಎತ್ತುವುದನ್ನೇ ಮರೆತಿದ್ದಿರಿ, ನಾನೇ ನೆನಪಿಸಬೇಕಾಯಿತು.

ಕೇಳಿ. ನಾನೂ ಅಮರೇಶರೂ ಡಾಕ್ಟರ ಜೊತೆ ಮಾತಾಡಿ ತೀರ್ಮಾನ ಮಾಡಿದ್ದೇವೆ. ಹುಟ್ಟಿದ ಮೇಲೆ ಕೂಸು ಸ್ಥಿರವಾಗಿದ್ದರೆ ಸಣ್ಣ ತೂತಿನಿಂದ ಶುರು ಮಾಡುತ್ತಾರೆ. ರಕ್ತದಲ್ಲಿ ಆ ಗಾಳಿ ಏರಿದರೆ, ಉಸಿರು ಏರುಪೇರಾದರೆ, ತಕ್ಷಣ ಪಕ್ಕೆಲುಬಿನ ಕೆಳಗೆ ಕೊಯ್ದು ಮುಗಿಸುತ್ತಾರೆ. "ಆ ಹೊತ್ತಲ್ಲಿ ಹೊರಗೆ ಬಂದು ಯಾರನ್ನೂ ಕೇಳಬೇಡಿ, ನನ್ನನ್ನೂ ಕೇಳಬೇಡಿ" ಎಂದು ಹೇಳಿ ಬಂದಿದ್ದೇನೆ.

ಬದುಕುವ ಸಾಧ್ಯತೆ ಮೂರರಲ್ಲಿ ಎರಡು ಪಾಲು ಎಂದು ಡಾಕ್ಟರು ಹೇಳಿದ್ದಾರೆ. ಉಳಿದ ಒಂದು ಪಾಲಿನ ಬಗ್ಗೆ ನೀವಿಬ್ಬರೂ ಇವತ್ತಿನವರೆಗೆ ಒಂದು ಮಾತೂ ಆಡಿಲ್ಲ. ಅದರ ಭಯಕ್ಕೇ ಗಾಯದ ಬಗ್ಗೆ ಇಷ್ಟು ಮಾತಾಡುತ್ತೀರಿ ಎಂದು ನನಗೆ ಗೊತ್ತು. ಗುರುತು ಚುಕ್ಕೆಯೋ ಗೆರೆಯೋ, ಅದನ್ನು ಹೊತ್ತುಕೊಳ್ಳಲು ಕೂಸು ಇರಬೇಕಲ್ಲ. ನನಗೆ ಭಯವಾಗುತ್ತಿದೆ. ನನ್ನ ಜೊತೆ ಭಯಪಡುವವರು ಬೇಕು, ವಾದ ಮಾಡುವವರು ಸಾಕಾದರು.

ನಿಮ್ಮ
ಪುಷ್ಪಲತಾ


ಗುಡೇಕೋಟೆ
12 ಸೆಪ್ಟೆಂಬರ್ 2024

ದಾಕ್ಷಾಯಣಮ್ಮನವರಿಗೆ ನಮಸ್ಕಾರ.

ಮಗಳ ಕಾಗದ ಓದಿದೆ. ಅಂಗನವಾಡಿಯಲ್ಲಿ ಮಕ್ಕಳಿಗೆ ಮೊಟ್ಟೆ ಹಂಚುತ್ತಾ ಓದಿದೆ, ಒಂದು ಮಗುವಿಗೆ ಎರಡು ಸಲ ಕೊಟ್ಟುಬಿಟ್ಟೆ. ಅವಳು ಹೇಳಿದ್ದು ಪೂರಾ ನಿಜ. ಆ ಒಂದು ಪಾಲಿನ ವಿಷಯ ನನ್ನ ಬಾಯಿಗೆ ಬರುತ್ತಲೇ ಇರಲಿಲ್ಲ.

ನಾನು ಕೂಸಿಗೆ ಕೌದಿ ಹೊಲಿಯಲು ಶುರು ಮಾಡಿದ್ದೇನೆ. ಹೌದು, ಹುಟ್ಟುವ ಮೊದಲೇ. ನಿಮ್ಮ ತೊಟ್ಟಿಲಿಗೆ ಅಷ್ಟು ಕೂಗಾಡಿದವಳು ನಾನೇ. ಯೋಚನೆ ಮಾಡಿದೆ. ಹುಟ್ಟಿದ ಮೇಲೆ ಹೊಲಿಯುತ್ತೇನೆ ಅಂದರೆ, ಈ ಕೂಸಿನ ವಿಷಯದಲ್ಲಿ, ಉಳಿಯುತ್ತದೋ ಇಲ್ಲವೋ ನೋಡಿ ಆಮೇಲೆ ಹೊಲಿಯುತ್ತೇನೆ ಅಂದ ಹಾಗಾಯಿತು. ಹಾಗೆ ಕಾದು ಕೂರಲು ನನ್ನಿಂದ ಆಗುವುದಿಲ್ಲ. ನಾನು ಅದನ್ನು ಬಾ ಅಂತ ಕರೆಯುತ್ತಿದ್ದೇನೆ. ಊರಿನವರು ಏನಾದರೂ ಅನ್ನಲಿ. ಎರ್ರೆಮ್ಮ ಆಗಲೇ ಅಂದಾಯಿತು.

ನಮ್ಮ ಮನೆಯ ಕೌದಿಗೆ ಎರಡು ಕಟ್ಟಳೆ. ಎರಡೂ ಕಡೆಯ ಅಜ್ಜಿಯರು ಉಟ್ಟು ಮೆತ್ತಗಾದ ಸೀರೆ ಅದರಲ್ಲಿ ಇರಬೇಕು. ಇನ್ನೊಂದು, ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ಚೂರು ರೊಟ್ಟಿ ಒಳಗಿಟ್ಟು ಹೊಲಿಯಬೇಕು. ಕೌದಿಯ ಹೊಟ್ಟೆ ಖಾಲಿ ಇರಬಾರದು, ಹೊದ್ದವರ ಹೊಟ್ಟೆ ಖಾಲಿ ಇರುವುದಿಲ್ಲ ಎಂದು ನನ್ನ ಅವ್ವ ಹೇಳುತ್ತಿದ್ದಳು.

ಸೀರೆ ಕಳಿಸುತ್ತೀರೋ ಇಲ್ಲವೋ, ಕೇಳುವುದು ನನ್ನ ಕೆಲಸ. ಕೇಳಿದ್ದೇನೆ.

ಹೊನ್ನೂರಮ್ಮ


ಕೊಟ್ಟೂರು
20 ಸೆಪ್ಟೆಂಬರ್ 2024

ಹೊನ್ನೂರಮ್ಮನವರಿಗೆ,

ಅಮರೇಶನ ಕೈಯಲ್ಲಿ ಸೀರೆ ಕಳಿಸಿದ್ದೇನೆ. ಇಳಕಲ್ಲಿನದು, ಅಮರೇಶ ಹುಟ್ಟಿದಾಗ ಅವನನ್ನು ಸುತ್ತಿಕೊಂಡು ಮಲಗುತ್ತಿದ್ದದ್ದು. ಒಂದು ತುಂಡು ಸಾಕು ಅಂತ ಕತ್ತರಿ ಹಿಡಿದೆ, ಕತ್ತರಿಸಲು ಮನಸ್ಸು ಬರಲಿಲ್ಲ. ಪೂರ್ತಿ ಕಳಿಸಿದ್ದೇನೆ. ನೀವೇ ಕತ್ತರಿಸಿ, ಸೆರಗಿನ ಭಾಗ ಕೂಸಿನ ಮುಖದ ಹತ್ತಿರ ಬರಲಿ.

ತೊಟ್ಟಿಲನ್ನು ಮೆಣಸಿನಕಾಯಿ ಚೀಲದ ಕೆಳಗಿನಿಂದ ತೆಗೆಸಿದೆ. ಘಾಟು ಹಿಡಿದಿದೆ. ತೊಳೆದೆ, ಸೀಗೆಪುಡಿ ಹಾಕಿ ಉಜ್ಜಿದೆ, ಬಿಸಿಲಿಗೆ ಇಟ್ಟೆ. ನಿಮ್ಮ ಬೀಗರು ಪರೀಕ್ಷೆ ಮಾಡುತ್ತೇನೆಂದು ತಲೆ ಒಳಗಿಟ್ಟು ಸೀನಲು ಶುರು ಮಾಡಿದವರು ಇನ್ನೂ ನಿಲ್ಲಿಸಿಲ್ಲ. ಮತ್ತೆ ತೊಳೆಯುತ್ತೇನೆ. ಕೂಸು ಬರುವ ಹೊತ್ತಿಗೆ ಹೋಗುತ್ತದೆ.

ಬರುತ್ತದೆ ಅಂತಲೇ ಬರೆದಿದ್ದೇನೆ, ಗಮನಿಸಿ. ನನಗೂ ಭಯ ಇದೆ ಹೊನ್ನೂರಮ್ಮ. ಸೊಸೆಯ ಎದುರು ತೋರಿಸಲಾರದೆ ತೊಟ್ಟಿಲು ತೊಳೆಯುತ್ತಿದ್ದೇನೆ.

ದಾಕ್ಷಾಯಣಮ್ಮ


ಬೆಂಗಳೂರು
29 ಅಕ್ಟೋಬರ್ 2024

ದಾಕ್ಷಾಯಣಮ್ಮನವರಿಗೆ,

ಹೆಣ್ಣು ಕೂಸು, ಆಪರೇಷನ್ ಆಯಿತು, ಉಸಿರಾಡುತ್ತಿದೆ ಎಂದು ಅಮರೇಶ ತನ್ನ ಅಪ್ಪನಿಗೆ ಫೋನು ಮಾಡಿದ್ದಾನೆ. ಉಳಿದದ್ದನ್ನು ನಿಮ್ಮ ಕಿವಿಗೆ ಕೂಗಿ ಹೇಳಲು ಬೀಗರಿಂದ ಆಗಿರುವುದಿಲ್ಲ. ಅದಕ್ಕೆ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ.

ಹುಟ್ಟಿದಾಗ ಅಳಲಿಲ್ಲ. ಅಳಲು ಬಿಡಲೂ ಇಲ್ಲ. ಅತ್ತರೆ ಗಾಳಿ ಹೊಟ್ಟೆಗೆ ಹೋಗಿ ಕರುಳು ಉಬ್ಬಿ ಶ್ವಾಸಕೋಶವನ್ನು ಇನ್ನೂ ಅಮುಕುತ್ತದಂತೆ. ಕೂಡಲೇ ಗಂಟಲಲ್ಲಿ ಕೊಳವೆ ಇಳಿಸಿ ಯಂತ್ರಕ್ಕೆ ಜೋಡಿಸಿದರು. ಗಾಜಿನ ಆಚೆಯಿಂದ ನೋಡಿದೆ. ಮೈತುಂಬ ತಂತಿ, ಅದರ ನಡುವೆ ನಿಮ್ಮ ಯಜಮಾನರದೇ ಮೂಗು. ಯಾರಿಗೂ ಹೇಳಬೇಡಿ, ಅಷ್ಟು ದುಃಖದಲ್ಲೂ ಆ ಮೂಗು ನೋಡಿ ನನಗೆ ನಗು ಬಂತು.

ಎದೆಯ ಒತ್ತಡ ಇಳಿದು ಕೂಸು ಸ್ಥಿರವಾಗಲಿ ಎಂದು ಕೆಲವು ದಿನ ಕಾದರು. ನಿನ್ನೆ ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ಪುಷ್ಪಲತಾ ಹಾಸಿಗೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದಳು. ಅಮರೇಶ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಲೇ ಇದ್ದ. ನಾನು ಕೌದಿ ಮಡಿಲಲ್ಲಿಟ್ಟುಕೊಂಡು ಕೂತೆ. ಸುಳ್ಳು ಯಾಕೆ ಹೇಳಲಿ, ಆ ಹೊತ್ತಿಗೆ ನಿಮ್ಮ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಬೇರೆ ಯಾರ ಕೈಯೂ ಬೇಕಾಗಿರಲಿಲ್ಲ. ನನ್ನಷ್ಟೇ ಮೊಂಡುತನದಲ್ಲಿ ಈ ಕೂಸಿಗಾಗಿ ಜಗಳ ಆಡಿದವರು ನೀವೊಬ್ಬರೇ. ನಿಮ್ಮ ಸೀರೆಯ ಸೆರಗನ್ನು ಹಿಡಿದುಕೊಂಡೆ.

ಡಾಕ್ಟರ್ ಕ್ರಾಂತಿ ಹೊರಗೆ ಬಂದರು. ನನ್ನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತರು. "ಅಮ್ಮ, ಸಣ್ಣ ತೂತಿನ್ಯಾಗ ಶುರು ಮಾಡಿದ್ವಿ. ಕರುಳೆಲ್ಲ ಕೆಳಗ ಇಳಿಸಿದ್ವಿ, ಚೊಲೊ ಹೊಂಟಿತ್ತು. ಹೊಲಿಯಾಕ ಹತ್ತಿದಾಗ ರಕ್ತದಾಗ ಆ ಗಾಳಿ ಏರಾಕ ಹತ್ತಿತು. ನಾ ತಡ ಮಾಡ್ಲಿಲ್ಲ. ಪಕ್ಕೆಲುಬಿನ ಕೆಳಗ ಕೊಯ್ದು ಹೊಲಿಗಿ ಮುಗಿಸಿದ್ವಿ" ಎಂದರು. ಆಮೇಲೆ ನನ್ನ ಮಡಿಲಿನ ಕೌದಿ ನೋಡಿ, "ಮೂರು ಚುಕ್ಕಿ, ಒಂದು ಗೆರಿ. ಇಬ್ಬರು ಅಜ್ಜಿಯರದೂ ನಡೀತು" ಎಂದು ನಕ್ಕರು. ನಾನು ಅವರ ಕೈ ಹಿಡಿದುಕೊಂಡು ಗಟ್ಟಿಯಾಗಿ ಅತ್ತುಬಿಟ್ಟೆ.

ಗೆದ್ದವರು ಯಾರು ಅಂತ ದಯವಿಟ್ಟು ಕೇಳಬೇಡಿ. ಗೆಲ್ಲುವ ಆಸೆಯನ್ನು ಆ ಬಾಗಿಲ ಹತ್ತಿರವೇ ಬಿಟ್ಟು ಬಂದಿದ್ದೇನೆ. ಅಪಾಯ ಪೂರ್ತಿ ಕಳೆದಿಲ್ಲ. ಯಂತ್ರ ಬಿಡಿಸಬೇಕು, ಆಮೇಲೆ ಹಾಲು ಕುಡಿಯಬೇಕು. ಹಾಲು ಕುಡಿದು ಅರಗಿಸಿಕೊಂಡ ಮೇಲೆಯೇ ಮನೆಗೆ ಎಂದಿದ್ದಾರೆ.

ನಿಮ್ಮ
ಹೊನ್ನೂರಮ್ಮ


ಕೊಟ್ಟೂರು
5 ನವೆಂಬರ್ 2024

ತಂಗಿ ಹೊನ್ನೂರಮ್ಮನಿಗೆ,

ನಿಮ್ಮ ಕಾಗದವನ್ನು ನಾನೇ ಓದಿ, ನಿಮ್ಮ ಬೀಗರಿಗೂ ಓದಿ ಹೇಳಿದೆ. ಮೂಗಿನ ಜಾಗ ಬಿಟ್ಟು ಓದಿದೆ. ಅವರು ಅಂಗಡಿಯ ಮುಂದೆ ನಿಂತು ಹೋಗಿಬರುವವರಿಗೆಲ್ಲ ಪೇಡೆ ಕೊಟ್ಟರು. ಯಾರೋ ಹಳೇ ಗಿರಾಕಿ, "ನಿಮ್ಮ ಚುಕ್ಕಿ ತೋರಸ್ರಿ ಸಾವ್ಕಾರ್ರೆ" ಎಂದು ತಮಾಷೆ ಮಾಡಿದರೆ, "ಹೋಗಲೇ, ನಂದೇನು ಮಹಾ. ನಮ್ಮ ಮೊಮ್ಮಗಳ ಮುಂದ ಅದೂ ಒಂದು ಆಪರೇಷನ್ನಾ?" ಎಂದು ಅಂಗಿಯ ಗುಂಡಿ ಹಾಕಿಕೊಂಡರು. ಇನ್ನು ಮುಂದೆ ಯಾರಿಗೂ ತೋರಿಸುವ ಹಾಗೆ ಕಾಣುವುದಿಲ್ಲ. ದೇವರು ದೊಡ್ಡವನು.

ದೀಪಾವಳಿಗೆ ಮನೆಯಲ್ಲಿ ಹೆಚ್ಚೇನೂ ಮಾಡಲಿಲ್ಲ. ತೊಟ್ಟಿಲ ಹತ್ತಿರ ಒಂದು ಹಣತೆ ಹಚ್ಚಿಟ್ಟೆ.

ಗೆರೆ ಎಷ್ಟು ಉದ್ದ ಇದೆ? ಬರೆಯಿರಿ. ನನಗೆ ಬೇಸರವಿಲ್ಲ, ಖಂಡಿತ ಇಲ್ಲ. ಕಣ್ಣಿಗೆ ಕಟ್ಟಿಕೊಳ್ಳಲು ಬೇಕು, ಅಷ್ಟೇ. ಹಾಲು ಕುಡಿದ ದಿನ ಒಂದೇ ಸಾಲು ಬರೆದರೂ ಸಾಕು, ಆದರೆ ಅವತ್ತೇ ಅಂಚೆಗೆ ಹಾಕಿ.

ದಾಕ್ಷಾಯಣಮ್ಮ


ಬೆಂಗಳೂರು
16 ನವೆಂಬರ್ 2024

ಅಕ್ಕಾ,

ಕುಡಿದಳು.

ಒಂದೇ ಸಾಲು ಸಾಕು ಅಂದಿದ್ದಿರಿ, ನನಗೆ ಸಾಲುವುದಿಲ್ಲ. ಮೊದಲು ಯಂತ್ರ ಬಿಡಿಸಿದರು. ಕೊಳವೆ ತೆಗೆದ ಮೇಲೆ ಅತ್ತಳು. ಗಂಟಲು ಕಟ್ಟಿದ ಬೆಕ್ಕಿನ ಮರಿಯ ಹಾಗೆ ಸಣ್ಣ ಅಳು. ಅದನ್ನು ಕೇಳಿ ಪುಷ್ಪಲತಾ ನಕ್ಕಳು, ಅಮರೇಶ ನಕ್ಕ, ನರ್ಸುಗಳೂ ನಕ್ಕರು, ನಾನಂತೂ ಬಿಡಿ. ಈ ಸಲ ನೀವು ಫೋನಿನಲ್ಲಿ "ಯಾಕ ನಗ್ತೀರಿ" ಎಂದು ಬೈದಿದ್ದರೆ ಸರಿಯಾಗಿಯೇ ಇರುತ್ತಿತ್ತು.

ಆಮೇಲೆ ಮೂಗಿನ ಸಣ್ಣ ನಳಿಕೆಯಲ್ಲಿ ತಾಯಿಯ ಹಾಲನ್ನು ಹನಿ ಹನಿಯಾಗಿ ಕೊಟ್ಟರು. ಎರಡು ಸಲ ವಾಂತಿ ಮಾಡಿಕೊಂಡಳು. ಇವತ್ತು ಬೆಳಿಗ್ಗೆ ಎದೆಗೆ ಹಾಕಿದರು. ಮೊದಲು ಸುಮ್ಮನಿದ್ದಳು. ಆಮೇಲೆ ಕಚ್ಚಿ ಹಿಡಿದಳು ನೋಡಿ, ಬಿಡಿಸಲು ಹೋದ ನರ್ಸು, "ಏನ್ ಜೋರ್ ಅದಾಳ್ರೀ ಇಕಿ" ಅಂದಳು. ನನ್ನ ಮಗಳ ಮುಖ ಆಗ ನೀವು ನೋಡಬೇಕಿತ್ತು.

ಗೆರೆ ನನ್ನ ಕಿರುಬೆರಳಿಗಿಂತ ಕೊಂಚ ಗಿಡ್ಡ. ಚುಕ್ಕೆಗಳು ಎಡಗಂಕುಳ ಕೆಳಗೆ, ಸಾಸಿವೆಯಷ್ಟು. ಹೊಲಿದ ಜಾಗ ಬಿಚ್ಚಿಕೊಂಡಿಲ್ಲ ತಾನೆ ಎಂದು ಆಗಾಗ ಬಂದು ತೋರಿಸುತ್ತಿರಬೇಕಂತೆ, ಅದು ಇನ್ನು ಕೆಲವು ವರ್ಷ ಇದ್ದದ್ದೇ.

ಕೌದಿಯ ಕೊನೆಯ ಮೂಲೆ ಇನ್ನೂ ತೆರೆದೇ ಇದೆ. ಅವಳ ಹೊಟ್ಟೆಗೆ ಬೀಳುವ ಮೊದಲು ಅದರ ಹೊಟ್ಟೆ ತುಂಬಲು ಮನಸ್ಸಾಗಲಿಲ್ಲ. ಡಿಸೆಂಬರಿನಲ್ಲಿ ಗುಡೇಕೋಟೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುತ್ತೇವೆ, ಅವತ್ತೇ ಮುಚ್ಚುತ್ತೇನೆ. ನೀವು ಬಂದರೆ ಸಂತೋಷ. ನಿಮ್ಮ ಆಚಾರಕ್ಕೆ ತೊಂದರೆಯಾಗದ ಹಾಗೆ ಹೊಸ ಪಾತ್ರೆ ತರುತ್ತೇನೆ, ಅಡುಗೆಗೆ ನಿಮ್ಮ ಕಡೆಯವರನ್ನೇ ಕರೆಸುತ್ತೇನೆ. ನೀರು ಬೇಕಾದರೆ ಕೊಟ್ಟೂರಿನಿಂದಲೇ ತನ್ನಿ. ನಾನು ಏನೂ ಅಂದುಕೊಳ್ಳುವುದಿಲ್ಲ.

ನಿಮ್ಮ
ಹೊನ್ನೂರಮ್ಮ


ಕೊಟ್ಟೂರು
4 ಡಿಸೆಂಬರ್ 2024

ತಂಗಿ ಹೊನ್ನೂರಮ್ಮನಿಗೆ,

"ಕುಡಿದಳು" ಎಂಬುದನ್ನು ಓದಿ ನಾನು ಕೂಗಿದ ಕೂಗಿಗೆ ಕನಕಮ್ಮಜ್ಜಿ ಎದುರುಮನೆಯಿಂದ ಓಡಿ ಬಂದಳು. ಅವಳಿಗೆ ತೊಂಬತ್ತರ ಹತ್ತಿರ. ಅವಳು ಓಡಿದ್ದನ್ನು ಈ ಬೀದಿ ಎಂದೂ ಕಂಡಿರಲಿಲ್ಲ.

ತೊಟ್ಟಿಲನ್ನು ಟೆಂಪೋದಲ್ಲಿ ಹಾಕಿಸಿಕೊಂಡು ನಾವೇ ತರುತ್ತೇವೆ. ಘಾಟು ಹೋಗಿದೆ. ನಂಬಿಕೆ ಇಲ್ಲದಿದ್ದರೆ ಎರ್ರೆಮ್ಮನ ತಲೆ ಒಳಗಿಡಿಸಿ ನೋಡಿ.

ಇನ್ನು ನಿಮ್ಮ ಕಾಗದದ ಕೊನೆಯ ಮಾತುಗಳಿಗೆ ಬರುತ್ತೇನೆ. ಇವತ್ತು ಪೆನ್ನಿನಲ್ಲಿ ಶಾಯಿ ತುಂಬ ಇದೆ.

ಹೊಸ ಪಾತ್ರೆ ಬೇಡ. ಅಡುಗೆಗೆ ಯಾರನ್ನೂ ಕರೆಸಬೇಡಿ. ಕೊಟ್ಟೂರಿನಿಂದ ನಾನು ತರುವುದು ತೊಟ್ಟಿಲು ಒಂದೇ.

ರೊಟ್ಟಿ ನಿಮ್ಮ ಒಲೆಯ ಮೇಲೆ ನೀವೇ ಬಡಿಯಿರಿ. ಬಿಸಿ ಇರುವಾಗಲೇ ಒಂದು ಚೂರು ಮುರಿದು ಕೌದಿಯ ಹೊಟ್ಟೆಗೆ ಇಡಿ, ಮೂಲೆಯನ್ನು ನಾನು ಹೊಲಿಯುತ್ತೇನೆ. ಹೊಲಿಗೆ ಸೊಟ್ಟಗಾದರೆ ಬೈಯಬೇಡಿ. ಉಳಿದ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿ.

ಅದಕ್ಕೂ ಮೊದಲು, ನಾನು ಬಂದು ಕೂತ ಕೂಡಲೇ ಒಂದು ಲೋಟ ನೀರು ಕೊಡಿ. ನಾನು ಕೊಟ್ಟೂರಿನಿಂದ ಏನೂ ಕುಡಿಯದೆ ಬರುತ್ತೇನೆ.

ನಿಮ್ಮ ಅಕ್ಕ
ದಾಕ್ಷಾಯಣಮ್ಮ